ಓದುಗರ ಪ್ರಶ್ನೆ: ಕ್ಲೌಡ್ ಬಾಡಿಗೆ ಕಟ್ಟದೆ ಫೈಲ್ ಸಿಂಕ್ ಮಾಡಬಹುದಾ?

ಗೂಗಲ್ ಜಾಗ ತುಂಬಿದೆ, ತಿಂಗಳು ತಿಂಗಳು ದುಡ್ಡು ಕಟ್ಟಲೇಬೇಕಾ, ಬೇರೆ ದಾರಿ ಇಲ್ವಾ ಅಂತ ಕೇಳಿದ ಪತ್ರಗಳೇ ಈ ಸಲ ಜಾಸ್ತಿ. ಹಾಗಾಗಿ ಪೂರ್ತಿ ಅಂಕಣ ಒಂದೇ ವಿಷಯಕ್ಕೆ. ನಮ್ಮ ಫೋನು, ಲ್ಯಾಪ್‌ಟಾಪು, ಕಂಪ್ಯೂಟರು ಇವೇ ಒಂದಕ್ಕೊಂದು ನೇರವಾಗಿ ಫೈಲ್ ಕೊಟ್ಟುಕೊಳ್ಳುವ ಹಾಗೆ ಮಾಡುವುದು ಹೇಗೆ ಅಂತ ನೋಡೋಣ. ಉದ್ದ ಪತ್ರಗಳನ್ನು ಸ್ವಲ್ಪ ಚಿಕ್ಕದು ಮಾಡಿದ್ದೇನೆ.

ಪ್ರಶ್ನೆ: ನಾನು ಧಾರವಾಡದಲ್ಲಿ ಉಪನ್ಯಾಸಕಿ, ಪಿಎಚ್‌ಡಿ ಪ್ರಬಂಧ ಬರೆಯುತ್ತಿದ್ದೇನೆ. ಮನೆಯಲ್ಲಿ ಲ್ಯಾಪ್‌ಟಾಪ್, ಕಾಲೇಜಿನಲ್ಲಿ ಡೆಸ್ಕ್‌ಟಾಪ್. ಪೆನ್‌ಡ್ರೈವ್‌ನಲ್ಲಿ ‘ಅಧ್ಯಾಯ 3 ಫೈನಲ್’, ‘ಅಧ್ಯಾಯ 3 ಫೈನಲ್ ಹೊಸದು’ ಅಂತ ಐದಾರು ಫೈಲು, ಯಾವುದು ಕೊನೆಯದು ಅಂತ ನನಗೇ ತಿಳಿಯುವುದಿಲ್ಲ. ಗೂಗಲ್‌ನ 15 ಜಿಬಿ ಫೋಟೋಗಳಿಂದಲೇ ತುಂಬಿಹೋಗಿದೆ. ಏನು ಮಾಡಲಿ?

ಉತ್ತರ: ಮೇಡಂ, ಸಿಂಕ್‌ಥಿಂಗ್ ಅನ್ನುವ ತಂತ್ರಾಂಶ ಹಾಕಿಕೊಳ್ಳಿ. ಬೇರೆ ಬೇರೆ ಯಂತ್ರಗಳಲ್ಲಿರುವ ಫೋಲ್ಡರನ್ನು ಸದಾ ಒಂದೇ ತರಹ ಇಡುವುದು, ಅಂದರೆ ಸಿಂಕ್ ಮಾಡುವುದು, ಅದರ ಕೆಲಸ. ಸ್ವೀಡನ್ನಿನ ಯಾಕೋಬ್ ಬೋರ್ಗ್ ಅನ್ನುವವರು 2013ರ ಕೊನೆಯಲ್ಲಿ ಶುರು ಮಾಡಿದ್ದು. ಉಚಿತ, ಮುಕ್ತ ತಂತ್ರಾಂಶ. ವಿಂಡೋಸ್, ಲಿನಕ್ಸ್, ಮ್ಯಾಕ್, ಆಂಡ್ರಾಯ್ಡ್ ಎಲ್ಲದರಲ್ಲೂ ನಡೆಯುತ್ತದೆ. ಇದರಲ್ಲಿ ಖಾತೆ ತೆರೆಯುವುದು, ಇಮೇಲ್ ಕೊಡುವುದು, ಪಾಸ್‌ವರ್ಡ್ ನೋಂದಾಯಿಸುವುದು ಏನೂ ಇಲ್ಲ, ಯಾಕೆಂದರೆ ಆ ಕಡೆ ಖಾತೆ ಇಟ್ಟುಕೊಳ್ಳುವ ಕಂಪನಿಯೇ ಇಲ್ಲ.

ಹಾಕುವುದು ಹೀಗೆ. ಎರಡೂ ಯಂತ್ರಗಳಲ್ಲಿ ಇನ್‌ಸ್ಟಾಲ್ ಮಾಡಿ. ಅದರ ಪರದೆ ಬ್ರೌಸರ್‌ನಲ್ಲೇ ತೆರೆಯುತ್ತದೆ, ವಿಳಾಸ 127.0.0.1:8384. ವೆಬ್‌ಸೈಟಿನ ತರಹ ಕಂಡರೂ ಅದು ನಿಮ್ಮ ಯಂತ್ರದ ಒಳಗೇ ಇರುವ ಪುಟ. ಪ್ರತಿ ಯಂತ್ರಕ್ಕೂ ಒಂದು ಡಿವೈಸ್ ಐಡಿ ಇರುತ್ತದೆ, ಏಳೇಳು ಅಕ್ಷರಗಳ ಎಂಟು ಗುಂಪು. ಮನೆಯ ಲ್ಯಾಪ್‌ಟಾಪ್‌ನ ಐಡಿಯನ್ನು ಕಾಲೇಜಿನ ಡೆಸ್ಕ್‌ಟಾಪ್‌ಗೆ ಹೇಳಿದರೆ, ಸ್ವಲ್ಪ ಹೊತ್ತಿಗೆ ಲ್ಯಾಪ್‌ಟಾಪ್‌ನಲ್ಲಿ ‘ಇಂಥ ಡಿವೈಸ್ ಸೇರಿಕೊಳ್ಳಲು ಕೇಳುತ್ತಿದೆ’ ಅಂತ ಬರುತ್ತದೆ. ಒಪ್ಪಿಕೊಳ್ಳಿ. ಎರಡೂ ಕಡೆಯಿಂದ ಒಪ್ಪಿಗೆ ಆಗದೆ ಒಂದು ಬೈಟ್ ಕೂಡ ಹೋಗುವುದಿಲ್ಲ. ಆಮೇಲೆ ಪ್ರಬಂಧದ ಫೋಲ್ಡರನ್ನು ಶೇರ್ ಮಾಡಿ, ಆ ಕಡೆ ಮತ್ತೆ ಒಪ್ಪಿಕೊಳ್ಳಿ. ಅಷ್ಟೇ. ಅಲ್ಲಿಂದ ಮುಂದೆ ನೀವು ಫೈಲ್ ಸೇವ್ ಮಾಡಿದರೆ ಸಾಕು. ದೊಡ್ಡ ಫೈಲನ್ನು ಅದು 128 ಕೆಬಿಯಿಂದ 16 ಎಂಬಿವರೆಗಿನ ತುಂಡುಗಳಾಗಿ ನೋಡುತ್ತದೆ, ಬದಲಾದ ತುಂಡು ಮಾತ್ರ ಕಳಿಸುತ್ತದೆ.

ಎರಡೂ ಯಂತ್ರ ಒಂದೇ ಹೊತ್ತಿಗೆ ಆನ್ ಆಗಿರಬೇಕು ಅನ್ನುವುದನ್ನು ಮರೆಯಬೇಡಿ. ನಡುವೆ ಸರ್ವರ್ ಇಲ್ಲ ಅಂದಮೇಲೆ ಫೈಲು ಕಾಯುತ್ತಾ ಕೂರಲು ಜಾಗ ಎಲ್ಲಿದೆ? ನೀವು ಲ್ಯಾಪ್‌ಟಾಪ್ ಮುಚ್ಚಿ ಕಾಲೇಜಿಗೆ ಹೋದರೆ ಡೆಸ್ಕ್‌ಟಾಪ್‌ಗೆ ಹೊಸದು ಸಿಗುವುದಿಲ್ಲ. ಇದಕ್ಕೆ ನಿಮ್ಮ ಫೋನೇ ಪರಿಹಾರ. ಅದೇ ಫೋಲ್ಡರನ್ನು ಫೋನಿಗೂ ಶೇರ್ ಮಾಡಿ. ರಾತ್ರಿ ಲ್ಯಾಪ್‌ಟಾಪ್‌ನಿಂದ ಫೋನಿಗೆ ಬರುತ್ತದೆ, ಬೆಳಿಗ್ಗೆ ಫೋನಿನಿಂದ ಡೆಸ್ಕ್‌ಟಾಪ್‌ಗೆ ಹೋಗುತ್ತದೆ, ನೀವು ಬ್ಯಾಗಿನಿಂದ ಫೋನ್ ತೆಗೆಯಬೇಕಾಗಿಯೂ ಇಲ್ಲ. ಪ್ರಬಂಧದ ಬರಹ ಎಷ್ಟೇ ಇದ್ದರೂ ಫೋನಿಗೆ ಭಾರ ಅಲ್ಲ. ಆದರೆ ಮೂರೂ ಯಂತ್ರ ಪರಸ್ಪರ ಪರಿಚಯ ಆಗಿರಬೇಕು, ಬರೀ ಲ್ಯಾಪ್‌ಟಾಪ್–ಡೆಸ್ಕ್‌ಟಾಪ್ ಜೋಡಿಸಿ ಬಿಟ್ಟರೆ ಫೋನು ಮಧ್ಯಸ್ಥಿಕೆ ಮಾಡಲಾರದು.

ಇನ್ನೊಂದು ಮಾತು. ಕಾಲೇಜಿನ ಕಂಪ್ಯೂಟರ್ ನಿಮ್ಮದಲ್ಲ. ಬೇರೆಯವರೂ ಅದೇ ಲಾಗಿನ್ ಬಳಸುತ್ತಿದ್ದರೆ ಅವರಿಗೆ ಆ ಫೋಲ್ಡರ್ ಪೂರ್ತಿ ಕಾಣುತ್ತದೆ, ಡಿಲೀಟ್ ಮಾಡಲೂ ಬರುತ್ತದೆ. ಲ್ಯಾಬ್ ನೋಡಿಕೊಳ್ಳುವವರನ್ನು ಕೇಳಿ, ನಿಮ್ಮದೇ ಲಾಗಿನ್ ಮಾಡಿಸಿಕೊಂಡು, ಆಮೇಲೆ ಹಾಕಿ. ಸಿಂಕ್‌ಥಿಂಗ್ ಪರದೆಗೂ ಸೆಟ್ಟಿಂಗ್ಸ್‌ನಲ್ಲಿ ಪಾಸ್‌ವರ್ಡ್ ಇಡಿ.

ಪ್ರಶ್ನೆ: ಪೂರ್ತಿ ಫ್ರೀ ಅಂತಾರೆ. ಹಾಗಾದರೆ ನಮ್ಮ ಫೋಟೋ ನೋಡಿ, ಡೇಟಾ ಮಾರಿ ದುಡ್ಡು ಮಾಡ್ತಾರಾ? (ತುಮಕೂರಿನಿಂದ)

ಉತ್ತರ: ಇಲ್ಲ. ನೋಡುವುದಕ್ಕೆ ನಿಮ್ಮ ಫೋಟೋ ಅವರ ಹತ್ತಿರ ಹೋಗುವುದೇ ಇಲ್ಲ. ಸೋರ್ಸ್ ಕೋಡ್ ಯಾರು ಬೇಕಾದರೂ ಓದಬಹುದು, ಖರ್ಚು ದೇಣಿಗೆಯಿಂದ ನಡೆಯುತ್ತದೆ. ಆದರೂ ಹೊರಗಿನ ಸಹಾಯ ಎರಡು ಕಡೆ ಬೇಕಾಗುತ್ತದೆ, ಅದನ್ನು ಮುಚ್ಚಿಡಬಾರದು. ಒಂದು, ನಿಮ್ಮ ಫೋನು ಊರಲ್ಲಿ, ಲ್ಯಾಪ್‌ಟಾಪು ಬೆಂಗಳೂರಲ್ಲಿ ಇದ್ದಾಗ ಒಂದನ್ನೊಂದು ಹುಡುಕಬೇಕಲ್ವಾ? ಅದಕ್ಕೆ ಡಿಸ್ಕವರಿ ಸರ್ವರ್ ಇದೆ. ಈ ಐಡಿ ಸದ್ಯ ಈ ಐಪಿ ವಿಳಾಸದಲ್ಲಿದೆ (ಇಂಟರ್ನೆಟ್ಟಿನಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆ) ಅನ್ನುವುದಷ್ಟೇ ಅದಕ್ಕೆ ಗೊತ್ತು. ಎರಡು, ನೇರ ಸಂಪರ್ಕ ಸಿಗದಿದ್ದರೆ ಡೇಟಾ ರಿಲೇ ಸರ್ವರ್, ಅಂದರೆ ನಡುವೆ ನಿಂತು ದಾಟಿಸುವ ಯಂತ್ರದ ಮೂಲಕ ಹಾಯುತ್ತದೆ. ನಮ್ಮ ಮೊಬೈಲ್ ನೆಟ್‌ವರ್ಕ್‌ಗಳಲ್ಲಿ ಒಂದೇ ಐಪಿಯನ್ನು ನೂರಾರು ಜನ ಹಂಚಿಕೊಂಡಿರುತ್ತಾರೆ, ಹೊರಗಿನಿಂದ ಒಳಗೆ ಬರಲು ದಾರಿ ಇರುವುದಿಲ್ಲ. ಹಾಗಾಗಿ ರಿಲೇ ನಮಗೆ ಆಗಾಗ ಬೇಕಾಗುತ್ತದೆ. ಈ ರಿಲೇಗಳನ್ನು ಸ್ವಯಂಸೇವಕರು ನಡೆಸುತ್ತಾರೆ. ಡೇಟಾ ನಿಮ್ಮ ಯಂತ್ರದಲ್ಲೇ ಎನ್‌ಕ್ರಿಪ್ಟ್ ಆಗಿ, ಅಂದರೆ ಗೂಢಲಿಪಿಯಾಗಿ ಹೊರಡುವುದರಿಂದ ಅವರಿಗೆ ಒಳಗಿರುವುದು ಓದಲು ಬರುವುದಿಲ್ಲ. ವೇಗ ಮಾತ್ರ ಕಡಿಮೆ. ಎರಡೂ ಬೇಡ ಅನ್ನಿಸಿದರೆ ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿ, ಮನೆಯ ವೈಫೈ ಒಳಗೆ ಮಾತ್ರ ಬಳಸಿ.

ಪ್ರಶ್ನೆ: ಸರ್, ನಿಮ್ಮ ಹಾಗೆ ಹೇಳುವವರ ಮಾತು ಕೇಳಿ ಫೋನಿನ ಕ್ಯಾಮೆರಾ ಫೋಲ್ಡರನ್ನು ಮನೆಯ ಕಂಪ್ಯೂಟರಿಗೆ ಸಿಂಕ್ ಮಾಡಿದೆ. ಎಲ್ಲಾ ಫೋಟೋ ಬಂತು. ಸರಿ, ಫೋನಲ್ಲಿ ಜಾಗ ಆಗಲಿ ಅಂತ ಹಳೇ ಫೋಟೋ ಅಳಿಸಿದೆ. ಸಂಜೆ ನೋಡಿದರೆ ಕಂಪ್ಯೂಟರಿನಲ್ಲೂ ಇಲ್ಲ! ಮಗಳ ನಾಮಕರಣದ ಫೋಟೋ ಇತ್ತು. ವಾಪಸ್ ಸಿಗುತ್ತಾ? (ಪುತ್ತೂರಿನ ಓದುಗರು)

ಉತ್ತರ: ಮೊದಲು ಆಗಬೇಕಾದ್ದು ಹೇಳುತ್ತೇನೆ, ಕಾರಣ ಆಮೇಲೆ. ಈಗಲೇ ಎರಡೂ ಕಡೆ ಸಿಂಕ್‌ಥಿಂಗ್ ನಿಲ್ಲಿಸಿ. ಫೋನಿನ ಗ್ಯಾಲರಿಯಲ್ಲಿ ಟ್ರ್ಯಾಶ್ ಅಥವಾ ಬಿನ್ ತೆರೆಯಿರಿ, ಸಾಮಾನ್ಯವಾಗಿ 30 ದಿನ ಅಲ್ಲಿ ಇರುತ್ತದೆ. ಅಲ್ಲಿ ಇದ್ದರೆ ರಿಸ್ಟೋರ್ ಒತ್ತಿ. ಅಲ್ಲಿಲ್ಲದಿದ್ದರೆ ಕಂಪ್ಯೂಟರಿನ ಆ ಫೋಲ್ಡರ್‌ಗೆ ಹೋಗಿ, ಅಡಗಿದ ಫೈಲುಗಳನ್ನೂ ತೋರಿಸುವ ಆಯ್ಕೆ ಹಾಕಿ. ಹೊಸ ಆಂಡ್ರಾಯ್ಡ್‌ಗಳಲ್ಲಿ ಎಷ್ಟೋ ಗ್ಯಾಲರಿ ಆಪ್‌ಗಳು ಫೋಟೋವನ್ನು ನಿಜವಾಗಿ ಅಳಿಸುವುದಿಲ್ಲ, ಹೆಸರಿನ ಮುಂದೆ ಒಂದು ಚುಕ್ಕಿ ಮತ್ತು ‘ಟ್ರ್ಯಾಶ್ಡ್’ ಅಂತ ಸೇರಿಸಿ ಅದೇ ಫೋಲ್ಡರಿನಲ್ಲಿ ಅಡಗಿಸಿ ಇಡುತ್ತವೆ. ಸಿಂಕ್‌ಥಿಂಗ್ ಆ ಹೊಸ ಹೆಸರಿನ ಫೈಲನ್ನೇ ಕಂಪ್ಯೂಟರಿಗೂ ಕಳಿಸಿರುತ್ತದೆ. ಹಾಗೆ ಸಿಕ್ಕಿದ್ದನ್ನು ಬೇರೆ ಫೋಲ್ಡರ್‌ಗೆ ಕಾಪಿ ಮಾಡಿ ಹೆಸರು ಸರಿ ಮಾಡಿದರೆ ಫೋಟೋ ತೆರೆಯುತ್ತದೆ. ಅದೂ ಇಲ್ಲದಿದ್ದರೆ ಆ ಹಾರ್ಡ್‌ಡಿಸ್ಕಿಗೆ ಹೊಸದೇನೂ ಬರೆಯದೆ, ಡಿಲೀಟ್ ಆದ ಫೈಲ್ ಎತ್ತಿಕೊಡುವ ಫೋಟೋರೆಕ್‌ನಂಥ ತಂತ್ರಾಂಶ ಓಡಿಸಿ ನೋಡಿ. ಎಲ್ಲವೂ ಸಿಗುತ್ತದೆ ಅಂತ ಭರವಸೆ ಕೊಡಲಾರೆ, ಆದರೆ ಬೇಗ ಮಾಡಿದಷ್ಟೂ ಒಳ್ಳೆಯದು.

ಈಗ ಕಾರಣ. ಎರಡು ಕಡೆಯೂ ಒಂದೇ ತರಹ ಇರಬೇಕು ಅಂತ ನೀವು ಹೇಳಿದ್ದೀರಿ, ಅದು ಹಾಗೇ ಮಾಡಿದೆ. ಸೇರಿಸಿದ್ದು ಹೇಗೆ ಆ ಕಡೆ ಹೋಗುತ್ತದೋ ಅಳಿಸಿದ್ದೂ ಹಾಗೇ ಹೋಗುತ್ತದೆ. ಸಿಂಕ್ ಬೇರೆ, ಬ್ಯಾಕಪ್ ಬೇರೆ. ಇದನ್ನು ಎಷ್ಟು ಸಲ ಬರೆದರೂ ಕಡಿಮೆಯೇ, ಯಾಕೆಂದರೆ ಪ್ರತಿ ಸಲವೂ ಇಂಥ ಒಂದು ಪತ್ರ ಬರುತ್ತದೆ, ಓದಿ ಸಂಕಟ ಆಗುತ್ತದೆ.

ಇನ್ನು ಮುಂದೆ ಹೀಗೆ ಮಾಡಿ. ಕಂಪ್ಯೂಟರಿನಲ್ಲಿ ಆ ಫೋಲ್ಡರಿನ ಎಡಿಟ್ ಒತ್ತಿ, ಫೈಲ್ ವರ್ಷನಿಂಗ್ (ಹಳೆಯ ಪ್ರತಿ ಉಳಿಸುವ ವ್ಯವಸ್ಥೆ) ಅನ್ನುವ ಕಡೆ ‘ಟ್ರ್ಯಾಶ್ ಕ್ಯಾನ್’ ಆರಿಸಿ. ತಾನಾಗಿ ಇದು ಆನ್ ಆಗಿರುವುದಿಲ್ಲ, ನೀವೇ ಹಾಕಬೇಕು. ಎಷ್ಟು ದಿನಕ್ಕೆ ಖಾಲಿ ಮಾಡಬೇಕು ಅಂತ ಕೇಳುತ್ತದೆ, ಸೊನ್ನೆ ಕೊಟ್ಟರೆ ಯಾವತ್ತೂ ಖಾಲಿ ಮಾಡುವುದಿಲ್ಲ. ಆಮೇಲೆ ಫೋನಿನಲ್ಲಿ ಅಳಿಸಿದ್ದು ಕಂಪ್ಯೂಟರಿನಲ್ಲಿ ‘ಎಸ್‌ಟಿವರ್ಷನ್ಸ್’ ಅನ್ನುವ ಅಡಗಿದ ಫೋಲ್ಡರಿಗೆ ಹೋಗಿ ಕೂರುತ್ತದೆ. ಇದನ್ನು ಕಂಪ್ಯೂಟರಿನಲ್ಲೇ ಹಾಕಬೇಕು, ಫೋನಿನಲ್ಲಿ ಹಾಕಿ ಪ್ರಯೋಜನ ಇಲ್ಲ. ಬೇರೆ ಕಡೆಯಿಂದ ಬಂದ ಬದಲಾವಣೆಯ ಹಳೆಯ ಪ್ರತಿಯನ್ನು ಮಾತ್ರ ಅದು ಎತ್ತಿಡುತ್ತದೆ, ಅದೇ ಯಂತ್ರದಲ್ಲಿ ನೀವೇ ಅಳಿಸಿದರೆ ಇಲ್ಲ. ಜತೆಗೆ ಫೋನಿನ ಆ ಫೋಲ್ಡರನ್ನು ‘ಸೆಂಡ್ ಓನ್ಲಿ’ (ಕಳಿಸುವುದು ಮಾತ್ರ) ಮಾಡಿ, ಆಗ ಕಂಪ್ಯೂಟರಿನಲ್ಲಿ ಮಕ್ಕಳು ಏನೋ ಒತ್ತಿ ಅಳಿಸಿದರೂ ಫೋನಿನದು ಸುರಕ್ಷಿತ.

ಮತ್ತೆ, ಫೋನಿನಲ್ಲಿ ಜಾಗ ಮಾಡುವ ಮುಂಚೆ ಆ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಸಿಂಕ್ ಆಗದ ಇನ್ನೊಂದು ಫೋಲ್ಡರಿಗೆ ಕಾಪಿ ಮಾಡಿ, ಅದನ್ನೇ ಒಂದು ಬಾಹ್ಯ ಹಾರ್ಡ್‌ಡಿಸ್ಕಿಗೂ ಹಾಕಿ, ಎರಡೂ ಕಡೆ ಒಂದೆರಡು ಫೋಟೋ ತೆರೆದು ನೋಡಿ, ಆಮೇಲೆ ಫೋನಿನಲ್ಲಿ ಅಳಿಸಿ.

ಧಾರವಾಡದ ಮೇಡಂ, ನಿಮಗೂ ಇದು ಬೇಕು. ನಿಮ್ಮ ಪ್ರಬಂಧಕ್ಕೆ ಅದೇ ಫೈಲ್ ವರ್ಷನಿಂಗ್‌ನಲ್ಲಿರುವ ‘ಸ್ಟ್ಯಾಗರ್ಡ್’ ಅನ್ನುವುದು ಸರಿ ಹೊಂದುತ್ತದೆ. ಮೊದಲ ದಿನ ಗಂಟೆಗೊಂದು, ಒಂದು ತಿಂಗಳವರೆಗೆ ದಿನಕ್ಕೊಂದು, ಆಮೇಲೆ ವಾರಕ್ಕೊಂದು ಹಳೆಯ ಪ್ರತಿ ಉಳಿಸುತ್ತದೆ. ‘ಫೈನಲ್ ಹೊಸದು’ ಅಂತ ಹೆಸರಿಡುವ ಕೆಲಸ ತಪ್ಪುತ್ತದೆ. ಮನೆಯಲ್ಲೂ ಕಾಲೇಜಿನಲ್ಲೂ ಎರಡೂ ಕಡೆ ಹಾಕಿ.

ಪ್ರಶ್ನೆ: ಫೋನ್ ಕಳುವಾದರೆ?

ಉತ್ತರ: ಮನೆಯ ಯಂತ್ರದಲ್ಲಿ ಆ ಫೋನನ್ನು ತಕ್ಷಣ ಡಿವೈಸ್ ಪಟ್ಟಿಯಿಂದ ತೆಗೆದುಹಾಕಿ. ತಡ ಮಾಡಿದರೆ ಕದ್ದವನು ಅಲ್ಲಿ ಅಳಿಸಿದ್ದು ನಿಮ್ಮಲ್ಲೂ ಅಳಿಸಿಹೋಗಬಹುದು. ಫೋನಿಗೆ ಆಗಲೇ ಹೋಗಿರುವ ಫೈಲುಗಳನ್ನು ದೂರದಿಂದ ವಾಪಸ್ ಎಳೆಯಲು ಬರುವುದಿಲ್ಲ, ಹಾಗಾಗಿ ಸ್ಕ್ರೀನ್ ಲಾಕ್ ಇಲ್ಲದ ಫೋನಿಗೆ ಬ್ಯಾಂಕು, ಆಸ್ತಿಪತ್ರದ ಫೋಲ್ಡರ್ ಕೊಡಲೇಬೇಡಿ.

ಪ್ರಶ್ನೆ: ಮೈಸೂರಿನಲ್ಲಿ ನಮ್ಮದು ಹಾರ್ಡ್‌ವೇರ್ ಅಂಗಡಿ. ಅಂಗಡಿಯ ಕಂಪ್ಯೂಟರಿನಲ್ಲಿ ನಾನು, ಮನೆಯಲ್ಲಿ ನನ್ನ ಹೆಂಡತಿ ಒಂದೇ ಎಕ್ಸೆಲ್ ಫೈಲಿನಲ್ಲಿ ಸಾಲದ ಲೆಕ್ಕ ಬರೆಯುತ್ತೇವೆ. ಈಗ ‘ಸಿಂಕ್ ಕಾನ್‌ಫ್ಲಿಕ್ಟ್’ ಅಂತ ಉದ್ದ ಹೆಸರಿನ ಫೈಲುಗಳು ಹುಟ್ಟುತ್ತಿವೆ. ವೈರಸ್ಸಾ? ಟ್ಯಾಲಿ ಡೇಟಾನೂ ಹೀಗೇ ಹಾಕಬಹುದಾ?

ಉತ್ತರ: ವೈರಸ್ ಅಲ್ಲ. ಅವನ್ನು ಅಳಿಸಬೇಡಿ, ಅದರಲ್ಲಿ ನಿಮ್ಮ ಲೆಕ್ಕ ಇದೆ. ಒಂದು ಕಡೆ ಮಾಡಿದ ಬದಲಾವಣೆ ಇನ್ನೊಂದು ಕಡೆ ತಲುಪುವ ಮುಂಚೆ ಅಲ್ಲೂ ಅದೇ ಫೈಲ್ ತಿದ್ದಿದರೆ ಸಿಂಕ್‌ಥಿಂಗ್‌ಗೆ ಎರಡನ್ನೂ ಸೇರಿಸಲು ಬರುವುದಿಲ್ಲ. ಯಾವುದು ಸಮಯದಲ್ಲಿ ಹೊಸದೋ ಅದನ್ನು ಮೂಲ ಹೆಸರಿನಲ್ಲಿ ಬಿಡುತ್ತದೆ, ಹಳೆಯದರ ಹೆಸರಿಗೆ ದಿನಾಂಕ, ಗಂಟೆ, ಯಾವ ಯಂತ್ರದಲ್ಲಿ ತಿದ್ದಿದ್ದು ಅನ್ನುವ ಗುರುತು ಸೇರಿಸಿ ಪಕ್ಕದಲ್ಲಿ ಇಡುತ್ತದೆ. ಎರಡನ್ನೂ ತೆರೆದು, ಬಿಟ್ಟುಹೋದ ಸಾಲುಗಳನ್ನು ಕೈಯಾರೆ ಸೇರಿಸಿ, ಆಮೇಲೆ ಆ ಉದ್ದ ಹೆಸರಿನದನ್ನು ತೆಗೆಯಿರಿ.

ಅಂಗಡಿಯ ಕಂಪ್ಯೂಟರಿನ ಗಡಿಯಾರ ಒಮ್ಮೆ ನೋಡಿ. ಹಳೇ ಡೆಸ್ಕ್‌ಟಾಪ್‌ಗಳಲ್ಲಿ ಮದರ್‌ಬೋರ್ಡಿನ ಬಟನ್ ಸೆಲ್, ಸಾಮಾನ್ಯವಾಗಿ ಸಿಆರ್ 2032, ಸತ್ತುಹೋಗಿದ್ದರೆ ಕರೆಂಟ್ ಹೋಗಿ ಬಂದಾಗೆಲ್ಲ ತಾರೀಖು ಹತ್ತು ಹದಿನೈದು ವರ್ಷ ಹಿಂದಕ್ಕೆ ಹೋಗುತ್ತದೆ. ಆಗ ನೀವು ಈಗ ತಾನೇ ಬರೆದಿದ್ದೂ ‘ಹಳೆಯದು’ ಅಂತ ಪಕ್ಕಕ್ಕೆ ಸರಿಯುತ್ತದೆ. ಸೆಲ್ ಬದಲಿಸಿ, ದೊಡ್ಡ ಖರ್ಚೇನಲ್ಲ.

ನನ್ನ ಸಲಹೆ ಏನೆಂದರೆ, ಅಂಗಡಿಗೆ ಒಂದು ಫೈಲ್, ಮನೆಗೆ ಒಂದು ಫೈಲ್ ಮಾಡಿಕೊಳ್ಳಿ, ಇಬ್ಬರಿಗೂ ಎರಡೂ ಕಾಣುತ್ತದೆ, ಬರೆಯುವುದು ಮಾತ್ರ ಅವರವರದರಲ್ಲಿ. ಇಬ್ಬರೂ ಒಂದೇ ಹಾಳೆಯಲ್ಲಿ ಒಂದೇ ಹೊತ್ತಿಗೆ ಬರೆಯಲೇಬೇಕು ಅಂದರೆ ಗೂಗಲ್ ಶೀಟ್ಸ್ ತರಹದ್ದೇ ಸರಿ. ಟ್ಯಾಲಿಯ ಡೇಟಾ ಫೋಲ್ಡರ್ ಅಂತೂ ಹಾಕಲೇಬೇಡಿ. ಅದರಲ್ಲಿ ಹತ್ತಾರು ಫೈಲು ಒಂದಕ್ಕೊಂದು ಹೊಂದಿಕೊಂಡು ಕೆಲಸ ಮಾಡುತ್ತವೆ, ಅರ್ಧ ಹೊಸದು ಅರ್ಧ ಹಳೆಯದು ಆದರೆ ಟ್ಯಾಲಿಯಲ್ಲಿ ನಿಮ್ಮ ಅಂಗಡಿಯ ಲೆಕ್ಕವೇ ತೆರೆಯದೆ ಹೋಗಬಹುದು. ಸಂಜೆ ಅಂಗಡಿ ಮುಚ್ಚುವಾಗ ಟ್ಯಾಲಿಯಲ್ಲೇ ಬ್ಯಾಕಪ್ ತೆಗೆಯಿರಿ, ಆ ಬ್ಯಾಕಪ್ ಬೀಳುವ ಫೋಲ್ಡರನ್ನು ಮನೆಗೆ ಸಿಂಕ್ ಮಾಡಿ. ಇದು ನಿಜಕ್ಕೂ ಒಳ್ಳೆಯ ಉಪಯೋಗ. ಅಂಗಡಿಯಲ್ಲಿ ನೀರು ನುಗ್ಗಿದರೂ ಲೆಕ್ಕ ಮನೆಯಲ್ಲಿ ಇರುತ್ತದೆ.

ಪ್ರಶ್ನೆ: ಶಿರಸಿ ಹತ್ತಿರದ ಹಳ್ಳಿ ನಮ್ಮದು. ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಯಕ್ಷಗಾನದ ರೆಕಾರ್ಡಿಂಗ್ ದೊಡ್ಡ ದೊಡ್ಡ ಫೈಲು. ಇದು ನಮಗೆ ಆಗುತ್ತಾ? ಬೆಂಗಳೂರಿನ ತಮ್ಮನ ಮನೆಯಲ್ಲೂ ಒಂದು ಪ್ರತಿ ಇರಲಿ ಅಂತ ಆಸೆ.

ಉತ್ತರ: ನಿಮ್ಮಂಥವರಿಗೆ ಇದು ಕ್ಲೌಡ್‌ಗಿಂತ ಚೆನ್ನಾಗಿ ಆಗುತ್ತದೆ ಸರ್. ಕ್ಲೌಡ್ ಆದರೆ ಫೋನಿನಿಂದ ಪಕ್ಕದ ಮೇಜಿನ ಲ್ಯಾಪ್‌ಟಾಪ್‌ಗೆ ಫೈಲ್ ಹೋಗಬೇಕಾದರೂ ಎಲ್ಲೋ ದೂರದ ಸರ್ವರಿಗೆ ಏರಿ ಇಳಿಯಬೇಕು. ಸಿಂಕ್‌ಥಿಂಗ್‌ಗೆ ಮನೆಯೊಳಗೆ ಇಂಟರ್ನೆಟ್ಟೇ ಬೇಡ. ಎರಡೂ ಒಂದೇ ವೈಫೈಗೆ ಸೇರಿದ್ದರೆ ತಾವೇ ಒಂದನ್ನೊಂದು ಕಂಡುಕೊಳ್ಳುತ್ತವೆ. ನೆಟ್ ಇಲ್ಲದ ಬರೀ ರೂಟರ್ ಸಾಕು. ‘ಈ ವೈಫೈನಲ್ಲಿ ಇಂಟರ್ನೆಟ್ ಇಲ್ಲ, ಆದರೂ ಇರಬೇಕಾ’ ಅಂತ ಫೋನು ಕೇಳಿದರೆ ಹೌದು ಅನ್ನಿ. ನಡುವೆ ಕರೆಂಟ್ ಹೋದರೂ ಬಂದ ತುಂಡುಗಳು ವ್ಯರ್ಥ ಆಗುವುದಿಲ್ಲ, ನಿಂತಲ್ಲಿಂದ ಮುಂದುವರಿಯುತ್ತದೆ. ರಾತ್ರಿಯಿಡೀ ಆಟ ರೆಕಾರ್ಡ್ ಮಾಡಿದ ಫೈಲು ನಾಲ್ಕು ಸಲ ನಿಂತು ನಿಂತು ಬಂದರೂ ಕೊನೆಗೆ ಪೂರ್ತಿ ಸರಿಯಾಗಿಯೇ ಇರುತ್ತದೆ, ಯಾಕೆಂದರೆ ಪ್ರತಿ ತುಂಡನ್ನೂ ಅದು ತಾಳೆ ನೋಡಿಯೇ ಜೋಡಿಸುತ್ತದೆ.

ಮನೆಯಲ್ಲಿ ಒಂದು ಯಂತ್ರ ಸದಾ ಆನ್ ಇದ್ದರೆ ಅನುಕೂಲ. ಅದಕ್ಕೆ ಹಳೆಯ ಲ್ಯಾಪ್‌ಟಾಪ್ ಒಂದು ಮೂಲೆಯಲ್ಲಿ ಇದ್ದರೆ ಅದನ್ನೇ ಎತ್ತಿ. ಸ್ಕ್ರೀನ್ ಒಡೆದಿದ್ದರೂ ಪರವಾಗಿಲ್ಲ. ಬ್ಯಾಟರಿ ಸ್ವಲ್ಪ ಜೀವ ಇದ್ದರೆ ಬೇರೆ ಯುಪಿಎಸ್ ಕೂಡ ಬೇಡ. ಬ್ಯಾಟರಿ ಉಬ್ಬಿದ್ದರೆ ಮಾತ್ರ ತೆಗೆಸಿಬಿಡಿ, ಅಪಾಯ. ರಾಸ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರಿನಲ್ಲೂ ಇದು ಚೆನ್ನಾಗಿ ನಡೆಯುತ್ತದೆ, ಆದರೆ ರೆಕಾರ್ಡಿಂಗ್‌ಗಳನ್ನು ಅದರ ಮೆಮೊರಿ ಕಾರ್ಡಿಗೆ ತುಂಬದೆ ಯುಎಸ್‌ಬಿ ಹಾರ್ಡ್‌ಡಿಸ್ಕ್ ಜೋಡಿಸಿ.

ಬೆಂಗಳೂರಿನ ಪ್ರತಿಗೆ ಮೊದಲ ಸಲ ನೆಟ್‌ನಲ್ಲಿ ಕಳಿಸುತ್ತಾ ಕೂರಬೇಡಿ. ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿ ಬಸ್ಸಿನಲ್ಲಿ ಹೋಗುವವರ ಕೈಲಿ ಕಳಿಸಿ, ತಮ್ಮ ಅದನ್ನು ತನ್ನ ಯಂತ್ರಕ್ಕೆ ಹಾಕಿಕೊಂಡ ಮೇಲೆ ಆ ಫೋಲ್ಡರನ್ನು ಸಿಂಕ್‌ಗೆ ಸೇರಿಸಿ. ಎರಡೂ ಕಡೆ ಒಂದೇ ಇರುವುದನ್ನು ಸಿಂಕ್‌ಥಿಂಗ್ ಗುರುತಿಸುತ್ತದೆ, ಆಮೇಲಿನ ಹೊಸದಷ್ಟೇ ನೆಟ್‌ನಲ್ಲಿ ಹೋಗುತ್ತದೆ. ತಮ್ಮನ ಕಡೆಯೂ ವರ್ಷನಿಂಗ್ ಹಾಕಿಸಿ, ಅದಿಲ್ಲದಿದ್ದರೆ ಇಲ್ಲಿ ಕೈತಪ್ಪಿ ಅಳಿಸಿದ್ದು ಅಲ್ಲೂ ಹೋಗುತ್ತದೆ. ತಮ್ಮನ ಬದಲು ಅಷ್ಟು ಪರಿಚಯ ಇಲ್ಲದವರ ಮನೆಯಲ್ಲಿ ಇಡಬೇಕಾದರೆ ‘ರಿಸೀವ್ ಎನ್‌ಕ್ರಿಪ್ಟೆಡ್’ ಅಂತ ಇದೆ, ಅವರ ಡಿಸ್ಕಿನಲ್ಲಿ ಫೈಲು ಇರುತ್ತದೆ ಆದರೆ ಹೆಸರೂ ಓದಲು ಬರುವುದಿಲ್ಲ. ಆಗ ಪಾಸ್‌ವರ್ಡ್ ಎಲ್ಲಾದರೂ ಬರೆದಿಡಿ, ಮರೆತರೆ ಆ ಪ್ರತಿಯಿಂದ ಯಾರಿಗೂ ಏನೂ ತೆಗೆಯಲಾಗದು. ಹಾರ್ಡ್‌ಡಿಸ್ಕ್ ಒಯ್ದು ಹಾಕುವ ದಾರಿಯೂ ಇದಕ್ಕೆ ಆಗುವುದಿಲ್ಲ, ಪೂರ್ತಿ ಸಿಂಕ್‌ಥಿಂಗ್ ಮೂಲಕವೇ ಹೋಗಬೇಕು.

ಊರೂರಿನ ಆಟ, ತಾಳಮದ್ದಲೆಗಳ ರೆಕಾರ್ಡಿಂಗ್ ಎಷ್ಟೋ ಮನೆಗಳಲ್ಲಿ ಒಂದೇ ಒಂದು ಹಾರ್ಡ್‌ಡಿಸ್ಕಿನಲ್ಲಿ ಕೂತಿವೆ. ಅದು ಕೆಟ್ಟರೆ ಮುಗಿಯಿತು. ನೀವು ಎರಡನೇ ಮನೆಯ ಬಗ್ಗೆ ಯೋಚಿಸಿದ್ದು ನೋಡಿ ತುಂಬಾ ಖುಷಿಯಾಯಿತು.

ಪ್ರಶ್ನೆ: ಫೈಲುಗಳಿಗೆ ಕನ್ನಡದಲ್ಲೇ ಹೆಸರಿಡುತ್ತೇನೆ. ಕೆಡುತ್ತವಾ? (ಗದಗಿನ ಡಿಟಿಪಿ ಕೆಲಸಗಾರರು)

ಉತ್ತರ: ಯೂನಿಕೋಡ್‌ನಲ್ಲಿ (ಎಲ್ಲ ಯಂತ್ರಗಳಿಗೂ ಅರ್ಥವಾಗುವ ಅಕ್ಷರ ಸಂಕೇತಗಳ ಪದ್ಧತಿ) ಬರೆದಿದ್ದರೆ ಕೆಡುವುದಿಲ್ಲ, ಧೈರ್ಯವಾಗಿ ಇಡಿ. ಒಂದೆರಡು ವಿಷಯ ಗೊತ್ತಿರಲಿ. ‘ಕೋ’ ಅನ್ನುವುದರ ಓತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಊಕಾರ, ದೀರ್ಘ ಅಂತ ಮೂರಾಗಿ ಬಿಡಿಸಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ. ಹಳೆಯ ಮ್ಯಾಕ್‌ಗಳು ಹೆಸರನ್ನು ಬಿಡಿಸಿ ಇಡುತ್ತಿದ್ದವು, ಅದರಿಂದ ಒಂದೇ ಹೆಸರಿನ ಎರಡು ಫೈಲ್ ಕಾಣುವ ಗೊಂದಲ ಆಗುತ್ತಿತ್ತು. ಸಿಂಕ್‌ಥಿಂಗ್ ಇದನ್ನು ತಾನೇ ಸರಿಮಾಡಿಕೊಳ್ಳುತ್ತದೆ, ನೀವು ಏನೂ ಮಾಡಬೇಕಿಲ್ಲ.

ಉದ್ದದ ವಿಷಯದಲ್ಲಿ ಮಾತ್ರ ಜೋಪಾನ. ಲಿನಕ್ಸ್, ಆಂಡ್ರಾಯ್ಡ್‌ನಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಒಂದೊಂದು ಸಂಕೇತಕ್ಕೆ ಮೂರು. ‘ಸ್ತ್ರೀ’ ನಮಗೆ ಒಂದು ಅಕ್ಷರ, ಆದರೆ ಸ, ವಿರಾಮ (ಅರ್ಧಾಕ್ಷರದ ಚಿಹ್ನೆ), ತ, ವಿರಾಮ, ರ, ಈಕಾರ ಸೇರಿ ಆರು ಸಂಕೇತ, ಅಂದರೆ 18 ಬೈಟ್. ಹಾಗಾಗಿ ಒಟ್ಟು 85 ಸಂಕೇತಕ್ಕೆ ಮಿತಿ ಮುಗಿಯುತ್ತದೆ. ವಿಂಡೋಸ್ ಎಣಿಸುವ ರೀತಿ ಬೇರೆ, ಅಲ್ಲಿ ಇದಕ್ಕಿಂತ ಉದ್ದದ ಹೆಸರೂ ನಡೆಯುತ್ತದೆ. ಆದ್ದರಿಂದ ಆಹ್ವಾನ ಪತ್ರಿಕೆಯ ಪೂರ್ತಿ ಸಾಲನ್ನೇ ಫೈಲ್ ಹೆಸರಾಗಿ ಇಟ್ಟರೆ ನಿಮ್ಮ ಕಂಪ್ಯೂಟರಿನಲ್ಲಿ ಸರಿ ಇರುತ್ತದೆ, ಫೋನಿಗೆ ಹೋಗುವಾಗ ಅದೊಂದೇ ಫೈಲು ಎರರ್ ತೋರಿಸುತ್ತದೆ. ಹೆಸರು ಚಿಕ್ಕದು ಮಾಡಿದರೆ ಆಯಿತು. ಫೋನಿನಲ್ಲಿ ಹೆಸರಿಡುವಾಗ ಪ್ರಶ್ನಾರ್ಥಕ ಚಿಹ್ನೆ, ಎರಡು ಚುಕ್ಕಿ (:) ಬಳಸಬೇಡಿ, ವಿಂಡೋಸ್ ಅವನ್ನು ಒಪ್ಪುವುದಿಲ್ಲ.

ಪ್ರಶ್ನೆ: ಪ್ಲೇ ಸ್ಟೋರಿನಲ್ಲಿ ಸಿಂಕ್‌ಥಿಂಗ್‌ನ ಮೂಲ ಆಪ್ ಸಿಗುತ್ತಿಲ್ಲ. ಮಗನದು ಐಫೋನ್ ಬೇರೆ. ಏನು ಹಾಕುವುದು?

ಉತ್ತರ: ಮೂಲ ಆಂಡ್ರಾಯ್ಡ್ ಆಪ್ ಅನ್ನು 2024ರ ಡಿಸೆಂಬರ್‌ಗೆ ನಿಲ್ಲಿಸಿದರು. ಪ್ಲೇ ಸ್ಟೋರಿನಲ್ಲಿ ಪ್ರಕಟಿಸುವ ತೊಡಕು, ನೋಡಿಕೊಳ್ಳುವವರ ಕೊರತೆ, ಎರಡೂ ಸೇರಿ ಹಾಗಾಯಿತು. ಅದರಿಂದ ಕವಲೊಡೆದ ಸಿಂಕ್‌ಥಿಂಗ್ ಫೋರ್ಕ್ ಅನ್ನುವುದು ಮುಕ್ತ ತಂತ್ರಾಂಶದ ಆಪ್‌ಗಳು ಸಿಗುವ ಎಫ್-ಡ್ರಾಯ್ಡ್‌ನಲ್ಲಿ ಸಿಗುತ್ತದೆ, ಅದನ್ನು ಹಾಕಿ. ಹಾಕಿದ ಮೇಲೆ ಫೋನಿನ ಬ್ಯಾಟರಿ ಸೆಟ್ಟಿಂಗ್ಸ್‌ಗೆ ಹೋಗಿ ಈ ಆಪ್‌ಗೆ ನಿರ್ಬಂಧ ತೆಗೆಯಿರಿ. ಕೆಲವು ಕಂಪನಿಗಳ ಫೋನುಗಳು ಪರದೆ ಆರಿದ ಕೂಡಲೇ ಹಿನ್ನೆಲೆಯ ಆಪ್‌ಗಳನ್ನು ಮುಚ್ಚಿಬಿಡುತ್ತವೆ, ಸಿಂಕ್ ಆಗ್ತಾ ಇಲ್ಲ ಅಂತ ಬರುವ ದೂರುಗಳಲ್ಲಿ ಹೆಚ್ಚಿನವಕ್ಕೆ ಇದೇ ಕಾರಣ. ಮೊಬೈಲ್ ಡೇಟಾ ಖರ್ಚಾಗಬಾರದು ಅಂದರೆ ವೈಫೈನಲ್ಲಿ ಮಾತ್ರ, ಇಲ್ಲವೇ ಚಾರ್ಜಿಗೆ ಹಾಕಿದಾಗ ಮಾತ್ರ ನಡೆಯುವ ಹಾಗೆ ಆ ಆಪ್‌ನಲ್ಲೇ ಹೇಳಬಹುದು.

ಐಫೋನಿಗೆ ಸಿಂಕ್‌ಥಿಂಗ್ ತಂಡದ್ದೇ ಆಪ್ ಇಲ್ಲ. ಬೇರೆಯವರು ಮಾಡಿದ ಮೋಬಿಯಸ್ ಸಿಂಕ್, ಸಿಂಕ್‌ಟ್ರೇನ್ ಇವೆ, ಎರಡೂ ಇದೇ ಪದ್ಧತಿಯಲ್ಲಿ ನಿಮ್ಮ ಕಂಪ್ಯೂಟರಿನ ಜತೆ ಮಾತಾಡುತ್ತವೆ. ಐಫೋನು ಯಾವ ಆಪನ್ನೂ ಹಿನ್ನೆಲೆಯಲ್ಲಿ ಸದಾ ಓಡಲು ಬಿಡುವುದಿಲ್ಲ, ಹಾಗಾಗಿ ಆಂಡ್ರಾಯ್ಡ್‌ನಷ್ಟು ಸಲೀಸಲ್ಲ. ದಿನಕ್ಕೊಮ್ಮೆ ಆಪ್ ತೆರೆದು ಸಿಂಕ್ ಮುಗಿಯುವವರೆಗೆ ಹಾಗೇ ಬಿಡುವಂತೆ ಮಗನಿಗೆ ಹೇಳಿ.